ಡಬ್ಬಿಗೆ ಉಡಿ

ನಿಪ್ಪಾಣಿ
24 ನವೆಂಬರ್ 2024

ಅತ್ತೆಯವರಿಗೆ,

ಕಾಗದದ ತಲೆಯ ಮೇಲೆ ನಮಸ್ಕಾರ ಬರೆಯಬೇಕು. ಬರೆಯಲು ಕೈ ಬರಲಿಲ್ಲ, ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ. ನೀವು ವಾರದಿಂದ ಫೋನ್ ಮಾಡುತ್ತಿದ್ದೀರಿ, ನಾನು ಎತ್ತುತ್ತಿಲ್ಲ. ಎತ್ತುವುದೂ ಇಲ್ಲ. ಫೋನಿನಲ್ಲಿ ನೀವು ಎದುರಿನವರ ಮಾತು ಮುಗಿಯಲು ಬಿಡುವುದಿಲ್ಲ, ಮೇಲೆ ಸ್ಪೀಕರ್ ಹಚ್ಚಿ ಅಂಗಳದಲ್ಲಿ ಕೂತವರಿಗೆಲ್ಲ ಕೇಳಿಸುತ್ತೀರಿ. ಕಾಗದವಾದರೆ ಕೊನೆಯವರೆಗೆ ಓದಲೇಬೇಕು. ನಿಮ್ಮ ಮಗ ವಿಶಾಲ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾರೆ. ಹೋಗುವಾಗ ಇದನ್ನು ಅವರ ಜೇಬಿಗೆ ಹಾಕಿ ಕಳಿಸುತ್ತೇನೆ.

ಹೋದ ಭಾನುವಾರ ಇಲ್ಲಿ ನನ್ನ ತವರಿನಲ್ಲಿ ಸಮೃದ್ಧಿಗೆ ಹೆಸರಿಟ್ಟ ದಿನ ನೀವು ಮಾಡಿದ್ದು ನಿಮಗೆ ನೆನಪಿದೆಯೋ ಇಲ್ಲವೋ, ನನಗಂತೂ ಇದೆ. ಕೂಸನ್ನು ತೊಟ್ಟಿಲಿಗೆ ಹಾಕಿ ಆಗಿತ್ತು. ನಾನು ಮಣೆಯ ಮೇಲೆ ಕೂತಿದ್ದೆ, ಹೆಂಗಸರು ನನಗೆ ಉಡಿ ತುಂಬಲು ಅಕ್ಕಿ, ತೆಂಗಿನಕಾಯಿ ಹಿಡಿದು ನಿಂತಿದ್ದರು. ನೀವು ಎದ್ದುಹೋಗಿ ಕಪಾಟಿನ ಮೇಲಿದ್ದ ಹಾಲಿನ ಪುಡಿಯ ಡಬ್ಬಿ ಇಳಿಸಿ ತಂದಿರಿ. ನನ್ನ ಪಕ್ಕದ ಮಣೆಯ ಮೇಲೆ ಅದನ್ನಿಟ್ಟು, ಅರಿಷಿಣ ಕುಂಕುಮ ಹಚ್ಚಿ, ಮೇಲೊಂದು ಖಣ ಹೊದಿಸಿದಿರಿ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಿರಿ: "ಈ ಕೂಸಿಗೆ ಹಾಲ ಕುಡಸೂ ಅವ್ವ ಇಕಿ. ಮೊದಲ ಇಕಿಗೆ ಉಡಿ ತುಂಬ್ರೆವಾ."

ಹೆಂಗಸರು ನಕ್ಕರು. ಒಬ್ಬಾಕೆ ನಿಜವಾಗಿಯೂ ಡಬ್ಬಿಯ ಮುಂದೆ ಒಂದು ಹಿಡಿ ಅಕ್ಕಿ ಸುರಿದಳು. ನಮ್ಮ ಅವ್ವ ನಗಬೇಕೋ ಅಳಬೇಕೋ ತಿಳಿಯದೆ ಒಳಗೆ ಹೋಗಿ ಸಾರಿಗೆ ಎರಡನೇ ಸಲ ಉಪ್ಪು ಹಾಕಿದಳು. ನಾನು ತಲೆ ತಗ್ಗಿಸಿಕೊಂಡು ಕೂತೆ. ಬಾಣಂತಿ ಎದ್ದು ಹೋಗುವ ಹಾಗಿಲ್ಲವಲ್ಲ.

ಆ ಡಬ್ಬಿ ನನ್ನ ಶೋಕಿಗೆ ಬಂದದ್ದಲ್ಲ. ಕೂಸು ಎದೆ ಚೀಪಿ ಚೀಪಿ ದಣಿದು ಅಳುತ್ತಿತ್ತು, ಹುಟ್ಟಿದಾಗ ಇದ್ದ ತೂಕವೂ ಉಳಿದಿರಲಿಲ್ಲ. ಮಕ್ಕಳ ಡಾಕ್ಟರು ನೋಡಿ, ನನ್ನ ಹಾಲು ಸಾಲುತ್ತಿಲ್ಲ ಎಂದು ಆ ಪುಡಿ ಬರೆದುಕೊಟ್ಟರು. ಇದನ್ನು ನಿಮಗೆ ಅವತ್ತೇ ಹೇಳಿದ್ದೆ.

ಐದನೇ ತಿಂಗಳಲ್ಲಿ ಬಾಣಂತಿಯನ್ನು ಗಂಡನ ಮನೆಗೆ ಕರೆದೊಯ್ಯುವ ಪದ್ಧತಿ ನನಗೂ ಗೊತ್ತು. ನಾಲ್ಕು ಮಂದಿಯ ಮುಂದೆ ಆಡಿದ ಮಾತನ್ನು ನಾಲ್ಕು ಮಂದಿಯ ಮುಂದೆಯೇ ನೀವು ವಾಪಸ್ ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ನಾನಾಗಲಿ ನನ್ನ ಮಗಳಾಗಲಿ ಅಲಖನೂರಿನ ಹೊಸ್ತಿಲು ತುಳಿಯುವುದಿಲ್ಲ.

ಸದ್ಯಕ್ಕೆ ನಿಮ್ಮ ಸೊಸೆ,
ದೀಪಾಲಿ


ಅಲಖನೂರ
1 ಡಿಸೆಂಬರ್ 2024

ದೀಪಾಲಿಗೆ,

ನಿನ್ನ ಕಾಗದ ಚಾಳೀಸ ಹಾಕ್ಕೊಂಡ ಓದೀನಿ. ನಾನು ಏಳನೇತ್ತಾ ಕಲ್ತಾಕಿ, ನಿನ್ನಂಗ ಪುಸ್ತಕದ ಮಾತು ಬರೂದಿಲ್ಲ. ಆಡಿದಂಗ ಬರೀತೀನಿ.

ನಗಸಾಕ ಚಾಷ್ಟಿ ಮಾಡೀನಿ, ಅಷ್ಟ. ಹೆಸರಿಡೂ ಮನ್ಯಾಗ ಚಾಷ್ಟಿ ಮಾಡಲಾರದ ಏನ ಮಾಡ್ತಾರ? ನನ್ನ ಅತ್ತಿ ನನಗ ಮಾಡಿದ್ದ ನೋಡಿದ್ದರ ನೀ ಅವತ್ತ ಬಸ್ ಹತ್ತಿ ಹೋಗತಿದ್ದಿ. ಈಗಿನ ಹುಡಿಗ್ಯಾರಿಗೆ ಒಂದ ಮಾತು ತಡಕೊಳ್ಳೂದಾಗೂದಿಲ್ಲ.

ನಾನೂ ಹಡದೀನಿ, ಒಂದಲ್ಲ ನಾಕ. ಕಬ್ಬಿನ ಹೊಲದಾಗ ಬೇವಿನ ಗಿಡಕ್ಕ ಸೀರಿ ಜೋಳಿಗಿ ಕಟ್ಟಿ ನಿನ್ನ ಗಂಡನ್ನ ಮಲಗಿಸಿ, ಕಸ ತಗದ ಬಂದ ಕುಡಿಸೀನಿ. ಎರಡ ವರ್ಷ ದಾಟಿದ ಮ್ಯಾಲೂ ಅವ ಬಿಡಲಿಲ್ಲ, ಬೇವಿನ ರಸಾ ಹಚ್ಚಿ ಬಿಡಿಸಬೇಕಾತು. ಯಾವ ಡಾಕ್ಟರ ನನಗ ಚೀಟಿ ಬರದಿದ್ದ? ಈಗ ನೋಡು ಅವನ್ನ, ಕಾರಖಾನಿ ಕಾಟಾದ ಮ್ಯಾಲೆ ಹಗಲ ರಾತ್ರಿ ನಿಂತ ಕಬ್ಬಿನ ಗಾಡಿ ತೂಕಾ ಮಾಡ್ತಾನ, ಒಂದ ದಿನ ಮೈಯಾಗ ನೆಟ್ಟಗಿಲ್ಲಂತ ಮಲಗಿಲ್ಲ.

ನನಗ ಗೊತ್ತಿಲ್ಲಂತ ತಿಳಿಬ್ಯಾಡ. ಜೂನ್ ತಿಂಗಳಾಗ ರಾಯಬಾಗದ ಸಾಲಿ ಚಾಲೂ ಆಕ್ಕೈತಿ, ಟೀಚರ ಬಾಯಾರು ನೀವು, ಹುಡುಗೂರಿಗೆ ಕಲಸಾಕ ಹೋಗಬೇಕು. ಎದಿಗೆ ಹತ್ತಿದ ಕೂಸು ಬಿಡೂದಿಲ್ಲ, ಡಬ್ಬಿಗೆ ಹತ್ತಿದ್ದಾದರ ಯಾರ ಕೈಯಾಗ ಕೊಟ್ಟರೂ ಆಗತೈತಿ. ಅದಕ್ಕ ಮೊದಲಿಂದನ ರೂಢಿ ಮಾಡಾಕತ್ತಿ. ಇನ್ನ ನಿಮ್ಮವ್ವ ತಂಬಾಕಿನ ವಖಾರಿಯೊಳಗ ದುಡದ ಬಂದ ಸೀರಿಲೆ ಕೂಸಿನ್ನ ಎತಗೋತಾಳ. ಆ ಘಾಟಿನಾಗ ಹಾಲ ಹೆಂಗ ಬಂದಾವು?

ವಿಶಾಲನ ಕೈಯಾಗ ಅಂಟಿನ ಉಂಡಿ ಕಳಿಸೀನಿ, ಅಳವಿ ಕಾಳ ಕಳಿಸೀನಿ. ಅಳವಿ ಹಾಲಿನಾಗ ಕುದಿಸಿ ಬೆಲ್ಲಾ ಹಾಕಿ ಕುಡಿ. ಬೆಳ್ಳುಳ್ಳಿ ಭಾಳ ತಿನ್ನು. ನಿಮ್ಮವ್ವಗ ಹೇಳು, ನೀರಿನ ಕೈ ಬಿಗಿ ಹಿಡೀಲಿ. ಬಾಣಂತಿ ಬೇಕಾದಂಗ ನೀರ ಕುಡದರ ಹೊಟ್ಟಿ ಜೋತ ಬೀಳತೈತಿ, ಕೂಸಿಗೂ ಥಂಡಿ ಆಕ್ಕೈತಿ. ಇಷ್ಟ ಮಾಡು, ಡಬ್ಬಿ ತಾನ ಮನಿ ಬಿಟ್ಟ ಹೋಗತೈತಿ.

ಸದ್ಯಕ್ಕ ಸೊಸಿ ಅಂತ ಬರದಿ. ಹಂಗ ಬರೀಬಾರದು.

ಗೌರಾಬಾಯಿ


ನಿಪ್ಪಾಣಿ
22 ಡಿಸೆಂಬರ್ 2024

ಅತ್ತೆಯವರಿಗೆ,

ಉಂಡಿ ತಲುಪಿದವು. ರುಚಿಯಾಗಿವೆ. ಕಾರ್ಖಾನೆಯ ಹಂಗಾಮು ಎಂದು ನಿಮ್ಮ ಮಗನಿಗೆ ಮೂರು ವಾರ ರಜೆ ಸಿಗಲಿಲ್ಲ, ಉತ್ತರ ತಡವಾಯಿತು. ತಡವಾದದ್ದೇ ಒಳ್ಳೆಯದು, ನಿಮ್ಮ ಕಾಗದ ಓದಿದ ದಿನವೇ ಬರೆದಿದ್ದರೆ ಅದನ್ನು ನೀವು ಒಲೆಗೆ ಹಾಕುವಂತಿರುತ್ತಿತ್ತು.

ಇಲ್ಲಿ ನನ್ನ ಪರಿಸ್ಥಿತಿ ಕೇಳಿ. ಚುಚ್ಚುಮದ್ದಿಗೆ ಸರ್ಕಾರಿ ಆಸ್ಪತ್ರೆಗೆ ಹೋದರೆ ಅಲ್ಲಿಯ ನರ್ಸ್ ಬಾಯಿ ನನ್ನ ಚೀಲದಲ್ಲಿದ್ದ ಡಬ್ಬಿ ನೋಡಿ, ಸೆರೆ ಬಾಟಲಿ ಸಿಕ್ಕಂತೆ ಹಿಡಿದೆತ್ತಿ ಸಾಲಿನಲ್ಲಿದ್ದವರಿಗೆಲ್ಲ ತೋರಿಸಿದಳು. ತಾಯಿಯ ಹಾಲೇ ಅಮೃತ ಎಂದು ಗೋಡೆಯ ಮೇಲೆ ಬರೆದಿದೆ, ಅದನ್ನು ನನ್ನಿಂದ ಗಟ್ಟಿಯಾಗಿ ಓದಿಸಿದಳು. ನಾನು ಶಾಲೆಯಲ್ಲಿ ಹುಡುಗರಿಂದ ಓದಿಸುವವಳು. ಅವಳಿಗೆ ಹೆದರಿ ಡಬ್ಬಿ ಕಡಿಮೆ ಮಾಡಿ ಮಕ್ಕಳ ಡಾಕ್ಟರರ ಹತ್ತಿರ ಹೋದರೆ, ಕೂಸನ್ನು ಹಸಿವಿನಲ್ಲಿ ಇಡುತ್ತೀಯೇನು, ಡಬ್ಬಿ ಯಾಕೆ ಕಡಿಮೆ ಮಾಡಿದೆ ಎಂದು ಅವರು ಬೈದರು. ಎದುರು ಮನೆಯ ಹಮೀದಾಬಿ ದಿನಾ ಬಂದು ಇವತ್ತು ಹಾಲು ಬಂತಾ ಎಂದು ಕೇಳುತ್ತಾಳೆ, ನಳದ ನೀರು ಬಂತಾ ಎಂದು ಕೇಳಿದ ಹಾಗೆ. ನನ್ನ ಎದೆ ಪಂಚಾಯಿತಿ ಕಟ್ಟೆಯಾಗಿದೆ. ಹೋಗುವವರು ಬರುವವರೆಲ್ಲ ಒಂದಿಷ್ಟು ಹೊತ್ತು ಕೂತು ತೀರ್ಪು ಹೇಳಿ ಹೋಗುತ್ತಾರೆ. ಸಾಕಾಗಿದೆ ನನಗೆ.

ಇನ್ನು ನೀರಿನ ಮಾತು. ಬಾಣಂತಿಗೆ ಎರೆಯುವುದು ಹೇಗೆಂದು ನಿಮಗೆ ಹೇಳಬೇಕಾಗಿಲ್ಲ. ಹಂಡೆ ತುಂಬ ಕುದಿಯುವ ನೀರನ್ನು ಮೈಮೇಲೆ ಹೊಯ್ಯುತ್ತಾರೆ, ಕುಡಿಯಲು ಮಾತ್ರ ಊಟದ ಜೊತೆ ಒಂದು ಸಣ್ಣ ವಾಟಗಾ. ಹೋದ ವಾರ ಅವ್ವ ಎರೆಯುತ್ತಿದ್ದವಳು ಸೀಗೆಪುಡಿ ತರಲು ಒಳಗೆ ಹೋದಳು. ನಾನು ಬಕೆಟ್ಟಿನಲ್ಲಿ ತಂಬಿಗೆ ಅದ್ದಿ ಆ ಮೈತೊಳೆಯುವ ನೀರನ್ನೇ ಕುಡಿದೆ. ಬಿಸಿಗೆ ನಾಲಿಗೆ ಸುಟ್ಟಿತು, ಹೊಗೆಯ ವಾಸನೆ ಬೇರೆ. ಆದರೂ ಇನ್ನೊಂದು ತಂಬಿಗೆ ಎತ್ತಿದೆ. ಅಷ್ಟರಲ್ಲಿ ಅವ್ವ ಬಂದು ಕೈಯಿಂದ ಕಸಿದುಕೊಂಡಳು. ಕಳವು ಮಾಡಿ ಸಿಕ್ಕಿಬಿದ್ದವಳಂತೆ ನಿಂತೆ, ನಿಂತಲ್ಲೇ ಕಣ್ಣು ಕತ್ತಲೆ ಬಂದು ಬಿದ್ದೆ.

ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ನನಗೆ ತಿನ್ನಲು ಕುಡಿಯಲು ಏನು ಕೊಡುತ್ತೀರಿ ಎಂದು ಕೇಳಿದರು. ಅವ್ವ ಹೆಮ್ಮೆಯಿಂದ ಹೇಳಿದಳು: "ನೀರ ಭಾಳ ಬಿಗಿ ಮಾಡೇನ್ರಿ. ಬೀಗತೇರೂ ಹಂಗ ಹೇಳ್ಯಾರ." ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಒಂದು ತಂಬಿಗೆ ನೀರು ತರಿಸಿ ತಮ್ಮೆದುರೇ ನನಗೆ ಕುಡಿಸಿದರು. ನೀರು ಕುಡಿದ ಮಾತ್ರಕ್ಕೆ ಹಾಲು ತುಂಬಿ ಬರುತ್ತದೆ ಎಂದು ಅವರೇನೂ ಹೇಳಲಿಲ್ಲ. ಕೂಸನ್ನು ಮೇಲಿಂದ ಮೇಲೆ ಎದೆಗೆ ಹಿಡಿಯಬೇಕು, ಹೊಟ್ಟೆ ತುಂಬ ಉಣ್ಣಬೇಕು, ಮಲಗಲು ಬಿಡಬೇಕು, ಅದರ ಮೇಲೂ ಸಾಲದಿದ್ದರೆ ಡಬ್ಬಿ ಇರಲಿ ಎಂದರು. ಆದರೆ ಬಾಯಾರಿದವಳಿಗೆ ನೀರು ಕೊಡದೆ ಹಾಲು ಕೇಳುವುದು ಯಾವ ನ್ಯಾಯ ಎಂದು ಅವ್ವನನ್ನು ಕೇಳಿದರು.

ಈ ಪ್ರಶ್ನೆಯನ್ನು ನಿಮಗೂ ಕಳಿಸುತ್ತಿದ್ದೇನೆ. ನೀವು ಎದೆಹಾಲೇ ಬೇಕು ಎಂದಿರಿ. ಅವ್ವ ಡಬ್ಬಿ ಇರಲಿ ಎಂದಳು. ಬೀಗತಿಯರಿಬ್ಬರೂ ಜಗಳವಿಲ್ಲದೆ ಒಪ್ಪಿದ್ದು ನನ್ನ ಬಾಯಿ ಒಣಗಿಸುವುದೊಂದಕ್ಕೇ.

ದೀಪಾಲಿ


ಅಲಖನೂರ
5 ಜನವರಿ 2025

ದೀಪಾಲಿಗೆ,

ನೀ ಬಿದ್ದಿ ಅಂತ ವಿಶಾಲ ನನಗ ಹೇಳಿರಲಿಲ್ಲ. ಅವಂಗ ಬೈದೀನಿ. ಈಗ ಆರಾಮ ಅದಿ ಅಂದಾನ, ಚೊಲೊ ಆತು.

ಆದರ ನೀರಿನ ಸಲುವಾಗಿ ನನ್ನ ಮ್ಯಾಲೆ ಹಾಕಬ್ಯಾಡ. ಇದು ನಾ ಹುಟ್ಟಿಸಿದ್ದಲ್ಲ. ನನಗೂ ಕೊಡಲಿಲ್ಲ, ನನ್ನ ಅತ್ತಿಗೂ ಕೊಟ್ಟಿರಲಿಕ್ಕಿಲ್ಲ. ನಾವೇನ ಸತ್ತಿಲ್ಲ. ನಮ್ಮ ಕೂಸುಗೋಳೂ ಸತ್ತಿಲ್ಲ. ಆ ಡಾಕ್ಟರ ಬಾಯಿ ಎಷ್ಟ ಹಡದಾಳ ಅಂತ ಕೇಳಿದೇನು?

ಸೀಮಾನ ಕುಬಸಾ ಇದ ತಿಂಗಳ ಮಾಡಾಕತ್ತೀವಿ. ನಿನ್ನ ನಾದಿನಿ ಚೊಚ್ಚಲ ಬಸರಿ, ಅಥಣಿಯಿಂದ ಬೀಗರು ಎರಡ ಗಾಡಿ ತುಂಬ ಬರತಾರ. ಹಡ್ಯಾಕ ಇಲ್ಲೇ ಕರಕೊಂಡ ಬರತೀವಿ. ಕುಬಸಕ್ಕ ಸೊಸಿ ಎಲ್ಲಿ ಅಂತ ಮಂದಿ ಕೇಳಿದರ ನಾ ಏನ ಹೇಳಲಿ? ಒಂದ ದಿನದ ಸಲುವಾಗಿ ಬಂದ ಹೋಗು.

ಇನ್ನೊಂದ ಮಾತು ಈಗ ಹೇಳಿಬಿಡತೀನಿ, ಆಮ್ಯಾಲೆ ಬ್ಯಾಸರ ಆಗೂದು ಬ್ಯಾಡ. ಐದನೇ ತಿಂಗಳಿಗೆ ನಾನ ಗಾಡಿ ಮಾಡ್ಕೊಂಡ ಬಂದ ನಿಮ್ಮನ್ನ ಕರಕೊಂಡ ಬರತೀನಿ. ಮನ್ಯಾಗ ಎರಡ ಎಮ್ಮಿ ಹಿಂಡತಾವ. ನಮ್ಮ ಅಟ್ಟದ ಮ್ಯಾಲೆ ಆ ಡಬ್ಬಿ ಏರಂಗಿಲ್ಲ. ನಾಕ ಮಂದಿ ಮುಂದ ತಪ್ಪಾತು ಅನ್ನು ಅಂತಿ. ಸೊಸಿ ಮುಂದ ಅತ್ತಿ ತಲಿ ಬಗ್ಗಿಸಿದ್ದ ನಮ್ಮೂರಾಗ ನಾ ನೋಡಿಲ್ಲ, ನಾನಂತೂ ಚಾಲೂ ಮಾಡಂಗಿಲ್ಲ.

ಕೂಸಿನ ಫೋಟೋ ವಿಶಾಲನ ಫೋನಿನ್ಯಾಗ ನೋಡೀನಿ. ಮೂಗು ನಮ್ಮ ಕಡೀದು.

ಗೌರಾಬಾಯಿ


ನಿಪ್ಪಾಣಿ
26 ಜನವರಿ 2025

ಅತ್ತೆಯವರಿಗೆ,

ಕುಬಸಕ್ಕೆ ಬರಲಿಲ್ಲ. ಸೀಮಾಗೆ ಫೋನಿನಲ್ಲಿ ಹೇಳಿದ್ದೇನೆ, ಅವಳಿಗೆ ಅರ್ಥವಾಗಿದೆ. ಅವಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಈಗ ಬಾಯಾರಿದಾಗೆಲ್ಲ ಕುಡಿಯುತ್ತೇನೆ. ಅವ್ವ ಬೈದುಕೊಂಡೇ ತಂಬಿಗೆ ತುಂಬಿಡುತ್ತಾಳೆ. ಹಾಲು ಮೊದಲಿಗಿಂತ ಬರುತ್ತಿದೆ. ಬೆಳಗಿನ ಹೊತ್ತು ಸಮೃದ್ಧಿ ಕಣ್ಣು ಮುಚ್ಚಿ, ನನ್ನ ಕಿರುಬೆರಳು ಹಿಡಿದು ಗಟಗಟ ಕುಡಿಯುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಸಾಲುವುದಿಲ್ಲ, ಆಗ ಡಬ್ಬಿ. ಹೋದ ಸಲ ನಿಮ್ಮ ಮಗ ಬಂದಾಗ ಬಟ್ಟಲು ಚಮಚ ಅವರ ಕೈಗೇ ಕೊಟ್ಟೆ. ಮೊದಲು ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡರು. ಆಮೇಲೆ ಕೂಸು ಅವರ ಮುಖವನ್ನೇ ನೋಡುತ್ತ ಬಾಯಿ ತೆರೆಯಿತು. ಅವರು ಯಾವತ್ತೂ ಹೆಚ್ಚು ಮಾತಾಡುವವರಲ್ಲ, ಅವತ್ತು ಊರಿಗೆ ಮರಳುವಾಗ ಚಿಕ್ಕೋಡಿ ದಾಟುವವರೆಗೂ ಫೋನಿನಲ್ಲಿ ಅದೇ ಮಾತು.

ಶಾಲೆಯ ಮಾತು ಎತ್ತಿದ್ದಿರಿ. ಹೌದು, ಜೂನ್‌ನಲ್ಲಿ ಕಲಿಸಲು ಹೋಗುತ್ತೇನೆ. ಮುಚ್ಚಿಡುವುದೇನಿದೆ? ಆದರೆ ಅದಕ್ಕಾಗಿ ಕೂಸನ್ನು ಎದೆಯಿಂದ ಬಿಡಿಸಿದೆ ಎಂದಿರಲ್ಲ, ಆ ಮಾತು ಇನ್ನೂ ಮೈ ಉರಿಸುತ್ತದೆ. ಹಾಲು ಬರಲಿ ಎಂದು ನಾನು ಅತ್ತಷ್ಟು ನೀವು ಯಾರೂ ಅತ್ತಿಲ್ಲ. ಬೀದಿಯಲ್ಲಿ ಯಾರಾದರೂ ಸೆರಗು ಹೊದ್ದು ಕೂಸಿಗೆ ಕುಡಿಸುತ್ತಿದ್ದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ, ಬೇರೆ ಕಡೆ ನೋಡುತ್ತೇನೆ. ಇಂಥದ್ದನ್ನು ಯಾರಿಗೆ ಹೇಳಲಿ? ನಿಮಗೆ ಹೇಳಬೇಕಾಗಿತ್ತು. ನೀವು ನಾಲ್ಕು ಮಕ್ಕಳಿಗೆ ಕುಡಿಸಿದವರು, ಹೇಗೆ ಹಿಡಿಯಬೇಕು, ಹೇಗೆ ಕೂರಬೇಕು ಎಂದು ಕೈಹಿಡಿದು ತೋರಿಸಬಹುದಿತ್ತು. ನೀವು ಡಬ್ಬಿಗೆ ಕುಂಕುಮ ಹಚ್ಚಿದಿರಿ.

ನನ್ನ ಷರತ್ತು ಹಾಗೆಯೇ ಇದೆ. ನಾನು ಬಂದರೆ ಡಬ್ಬಿಯೂ ಬರುತ್ತದೆ. ಗಾಡಿ ಮಾಡಿಕೊಂಡು ಬಂದು ಬರಿಗೈಯಲ್ಲಿ ತಿರುಗಿ ಹೋಗುವ ಕಷ್ಟ ತೆಗೆದುಕೊಳ್ಳಬೇಡಿ.

ದೀಪಾಲಿ


ಅಲಖನೂರ
23 ಮಾರ್ಚ್ 2025

ದೀಪಾಲಿ,

ಇನ್ನ ನಿನಗ ಕಾಗದ ಬರೀಬಾರದಂತ ಮಾಡಿದ್ದೆ. ಎರಡ ತಿಂಗಳ ಹಟಾ ಹಿಡದೆ. ಈಗ ಬರಿಯೂ ಹೊತ್ತ ಬಂದೈತಿ.

ಸೀಮಾ ಹಡದದ್ದು ವಿಶಾಲ ಹೇಳ್ಯಾನಲ್ಲ. ಗಂಡ ಕೂಸು. ಹೊಟ್ಟಿ ಕೊಯ್ದ ತಗದರು. ಮನಿಗೆ ಕರಕೊಂಡ ಬಂದ ಮ್ಯಾಲೆ ನೋಡತೀನಿ, ಹಾಲ ಇಲ್ಲ. ಅಳವಿ ಆತು, ಬೆಳ್ಳುಳ್ಳಿ ಆತು, ಸಬ್ಬಸಿಗಿ ಆತು, ಯಾವುದಕ್ಕೂ ಏನೂ ಇಲ್ಲ. ಕೂಸು ಅತ್ತ ಅತ್ತ ಧ್ವನಿ ಬಿದ್ದ ಹೋತು. ಸೀಮಾ ನೀರ ಕೇಳತಾಳ. ನಾ ಕೊಡವಲ್ಲೆ. ಹಡದಾಕಿ ಮೈ ಹಸಿ ಇರತೈತಿ, ತಡಕೋ ಅಂದೆ. ಎರಡ ದಿನ ಹಂಗ ಮಾಡಿದೆ. ಮೂರನೇ ದಿನ ಆಕಿ ನನ್ನ ಸೆರಗ ಹಿಡದ, "ಅವ್ವಾ, ದೀಪಾಲಿ ವೈನಿಗೆ ಆದದ್ದ ನನಗೂ ಮಾಡಬ್ಯಾಡ" ಅಂದಳು. ತುಟಿ ಬಿರತಿದ್ದವು, ನಾಲಿಗಿ ಅಂಗುಳಕ್ಕ ಹತ್ತಿ ಮಾತ ನೆಟ್ಟಗ ಬರಾಕತ್ತಿರಲಿಲ್ಲ. ನನಗ ನೋಡೂದಾಗಲಿಲ್ಲ. ತಂಬಿಗಿ ತುಂಬ ಕೊಟ್ಟೆ. ಒಂದ ದಮ್ಮಿನ್ಯಾಗ ಕುಡದ ಇನ್ನೊಂದ ಕೇಳಿದಳು, ಅದನೂ ಕೊಟ್ಟೆ. ಆಮ್ಯಾಲೆ ನಾನ ವಿಶಾಲನ್ನ ರಾಯಬಾಗಕ್ಕ ಓಡಿಸಿ ಡಬ್ಬಿ ತರಸೀನಿ. ಕೂಸು ಹೊಟ್ಟಿ ತುಂಬ ಕುಡದ ಮಲಗಿತು. ನಾ ಅಡಗಿ ಮನ್ಯಾಗ ಹೋಗಿ ಕೂತ ಬಿಟ್ಟೆ.

ನಿನ್ನೆ ಹೆಸರಿಟ್ಟಿವಿ. ಅಥಣಿ ಬೀಗತಿ ತನ್ನ ಮಂದೀನೆಲ್ಲಾ ಕರಕೊಂಡ ಬಂದಿದ್ದಳು. ಡಬ್ಬಿ ನೋಡಿದಳು. ಎರಡ ಬೆರಳಲೆ ಎತ್ತಿ ಹಿಡದ ಎಲ್ಲಾರ ಮುಂದ ಕೇಳಿದಳು: "ಏನ್ರಿ ಗೌರಾಬಾಯಿ, ನಿಮ್ಮ ಮನ್ಯಾಗ ಹೆಣ್ಣಮಕ್ಕಳಿಗೆ ಹಾಲ ಬರೂದಿಲ್ಲೇನ್ರಿ?" ಸೀಮಾ ಮಣಿ ಮ್ಯಾಲೆ ಕೂತಾಕಿ ತಲಿ ಕೆಳಗ ಹಾಕಿದಳು. ನನಗ ಎಲ್ಲಿಂದ ಸಿಟ್ಟ ಬಂತೋ. ಎದ್ದ ನಿಂತ ಆಕಿ ಕೈಯಾಗಿಂದ ಡಬ್ಬಿ ಇಸಗೊಂಡೆ. "ಇದನ್ನ ತರಸಿದಾಕಿ ನಾನು. ನನ್ನ ಮಗಳಿಗೆ ಒಂದ ಮಾತ ಆಡಿದರ ನೆಟ್ಟಗಾಗೂದಿಲ್ಲ" ಅಂದೆ. ಆಕಿ ಊಟಾ ಮಾಡಲಿಲ್ಲ. ಹಂಗ ಎದ್ದ ಹೋಗ್ಯಾರ.

ಸೀಮಾ ನಿನ್ನೆಯಿಂದ ಯಾರ ಕೂಡನೂ ಮಾತಾಡವಲ್ಲಳು. ಕೂಸಿನ್ನ ಎದಿಗೆ ಹಿಡಕೊಳ್ಳಾಕ ಅಂಜತಾಳ. ನಿನಗ ಗೊತ್ತಿರತೈತಿ, ಏನ ಮಾಡಲಿ ಹೇಳು.

ನಿನಗ ಐದನೇ ತಿಂಗಳ ಬಂತು. ಡಬ್ಬಿ ತಗೊಂಡ ಬಾ. ನಾ ಏನೂ ಅನ್ನಂಗಿಲ್ಲ.

ಗೌರಾಬಾಯಿ


ನಿಪ್ಪಾಣಿ
27 ಮಾರ್ಚ್ 2025

ಅತ್ತೆಯವರಿಗೆ,

ಮೊದಲು ಸೀಮಾಳ ಮಾತು. ತಂಬಿಗೆ ಅವಳ ಕೈಗೆಟಕುವಂತೆ ಇಡಿ, ಅವಳು ಕೇಳುವವರೆಗೆ ಕಾಯಬೇಡಿ. ಕೂಸನ್ನು ಎದೆಗೆ ಹಿಡಿಯುವಾಗ ನೀವೊಬ್ಬರೇ ಇರಿ, ಬೇರೆ ಯಾರನ್ನೂ ಕೋಣೆಗೆ ಬಿಡಬೇಡಿ. ಹೊಲಿಗೆ ಹಾಕಿದಲ್ಲಿ ನೋಯುತ್ತದೆ, ಮಗ್ಗುಲಾಗಿ ಮಲಗಿಸಿ ಕುಡಿಸಲು ಹೇಳಿಕೊಡಿ. ಇವತ್ತು ಎಷ್ಟು ಬಂತು ಎಂದು ಕೇಳಲೇಬೇಡಿ. ಸಾಲದಿದ್ದರೆ ಡಬ್ಬಿ. ನೀರು ಕುದಿಸಿ, ಡಬ್ಬಿಯ ಮೇಲೆ ಬರೆದಷ್ಟೇ ಪುಡಿ ಹಾಕಿ, ಹೆಚ್ಚು ದಿನ ಬರಲಿ ಎಂದು ತೆಳ್ಳಗೆ ಮಾಡಬೇಡಿ. ಅವಳನ್ನು ಡಾಕ್ಟರಿಗೂ ಒಮ್ಮೆ ತೋರಿಸಿ. ಅವಳು ಅತ್ತರೆ ಸುಮ್ಮನೆ ಪಕ್ಕದಲ್ಲಿ ಕೂತುಕೊಳ್ಳಿ.

ಇನ್ನು ನನ್ನ ಮಾತು.

ಅಥಣಿಯವರ ಮುಂದೆ ನೀವು ಎದ್ದು ನಿಂತದ್ದು ಓದಿ ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ನಿಮ್ಮ ಮಗ ಪಕ್ಕದಲ್ಲೇ ಇದ್ದರು, ಇನ್ನು ಎಲ್ಲ ಸರಿಹೋಯಿತು ಎಂದುಕೊಂಡು ನಕ್ಕರು. ಅವರಿಗೆ ತಿಳಿಯಲಿಲ್ಲ. ಇಷ್ಟು ದಿನ ನನಗೊಂದು ಸಮಾಧಾನವಿತ್ತು. ಅತ್ತೆಯವರು ಹಿಂದಿನ ಕಾಲದವರು, ಅವರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದುಕೊಂಡು ಎಷ್ಟೋ ನುಂಗಿದ್ದೆ. ಈಗ ಆ ಸಮಾಧಾನವೂ ಹೋಯಿತು. ನಿಮಗೆ ತಿಳಿಯುತ್ತದೆ ಅತ್ತಿ. ನಾನು ಕಾಗದದ ಮೇಲೆ ಕಾಗದ ಬರೆದರೂ ತಿಳಿಯದ್ದು, ಮಗಳ ತುಟಿ ಬಿರಿದಾಗ ಎರಡೇ ದಿನದಲ್ಲಿ ತಿಳಿಯಿತು.

ಈ ಭಾನುವಾರ ಬರುತ್ತೇನೆ. ಸೀಮಾಳ ಹತ್ತಿರ ದಿನವಿಡೀ ಕೂರುತ್ತೇನೆ, ಸಮೃದ್ಧಿಯನ್ನು ನಿಮ್ಮ ತೊಡೆಯ ಮೇಲೆ ಹಾಕುತ್ತೇನೆ, ಬೇಕಾದಷ್ಟು ಹೊತ್ತು ಆಡಿಸಿ. ಸಂಜೆ ನಿಪ್ಪಾಣಿಗೆ ತಿರುಗಿ ಹೋಗುತ್ತೇನೆ. ನನ್ನ ಬಟ್ಟೆಬರೆ ಕಟ್ಟಿಕೊಂಡು ಬರುತ್ತೇನೆಂದು ಕಾಯಬೇಡಿ.

ನೀವು ಸೀಮಾಗೆ ಬಹಳ ಒಳ್ಳೆಯ ತಾಯಿ. ನನ್ನ ಸಿಟ್ಟು ಇನ್ನೂ ಇಳಿಯದೆ ಇರುವುದು ಅದಕ್ಕೇ.

ದೀಪಾಲಿ